ಅಟ್ಟ ಹತ್ತಿದ ನಾರು

ತಿಪಟೂರಿನಿಂದ ಹುಳಿಯಾರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದರೆ ಯಾರಾದರೂ ಹೊರಗೆ ನೋಡುತ್ತಾರೆ. ನಾನು ಸೀಟು ನೋಡುತ್ತೇನೆ. ಇದು ನನಗೆ ಅಂಟಿಕೊಂಡಿರುವ ಚಾಳಿ. ಮೊನ್ನೆ ಹಾಗೆ ನೋಡಿದರೆ, ನಾನು ಕೂತ ಸೀಟಿನ ಅಂಚು ಗೇಣುದ್ದ ಹರಿದು, ಗುಂಡಿ ಬಿಚ್ಚಿದ ಅಂಗಿಯಿಂದ ಎದೆಗೂದಲು ಇಣುಕುವ ಹಾಗೆ ಕಂದು ನಾರು ಹೊರಗೆ ಬಂದಿತ್ತು. ಕೈ ಸುಮ್ಮನಿರಲಿಲ್ಲ. ಒಂದೆಳೆ ಕಿತ್ತೆ, ಬೆಳಕಿಗೆ ಹಿಡಿದೆ, ಮೂಗಿನ ಹತ್ತಿರ ತಂದೆ. ಮೊದಲು ರಬ್ಬರು, ಆಮೇಲೆ ಧೂಳು, ಆಮೇಲೆ ಯಾರು ಯಾರೋ ಕೂತೆದ್ದ ಬೆವರು. ಅದರ ಅಡಿಯಲ್ಲಿ ಇನ್ನೂ ಏನೋ ಇತ್ತು. ಅದೇನೆಂದು ಹಿಡಿಯಲು ಇನ್ನೊಂದೆಳೆ ಕೀಳುವಷ್ಟರಲ್ಲಿ ಕಂಡಕ್ಟರ್ ತಲೆಯ ಮೇಲೆ ನಿಂತಿದ್ದ.

"ಏನ್ ಯಜಮಾನ್ರೇ, ಸೀಟ್ ಕಿತ್ಕೊಂಡು ಮನೇಗೊಯ್ತೀರಾ?"

"ಇದು ನಂದೇ ಇದ್ರೂ ಇರ್ಬೋದು ಕಣಪ್ಪ."

"ಹಂಗಾರೆ ಬಸ್ಸೂ ನಿಮ್ದೇ ಅಂದ್ಕಳಿ. ಟಿಕೆಟ್ ಮಾತ್ರ ತಗಳಿ."

ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆ. ಆದರೆ ನಾನು ಹೇಳಿದ್ದು ತಮಾಷೆಯಲ್ಲ, ನಿಮಗೆ ಬಿಡಿಸಿ ಹೇಳುತ್ತೇನೆ. ಈಗ ಕಾರಿನ ಸೀಟಿಗೆಲ್ಲ ಸ್ಪಂಜು ಬಂದಿದೆ. ಲಾರಿ, ಟ್ರ್ಯಾಕ್ಟರು, ಬಸ್ಸಿನ ಕೆಲವು ಸೀಟುಗಳ ಹೊಟ್ಟೆಯಲ್ಲಿ ಮಾತ್ರ ಇನ್ನೂ ತೆಂಗಿನ ನಾರಿದೆ. ನಾರನ್ನು ಗುಂಗುರು ಮಾಡಿ, ರಬ್ಬರಿನ ಹಾಲು ಸಿಂಪಡಿಸಿ, ಅಚ್ಚಿನಲ್ಲಿ ಒತ್ತಿ, ಬಿಸಿಗಿಟ್ಟು ಸೀಟು ಮಾಡುತ್ತಾರೆ. ಬೆಂಗಳೂರಿನಾಚೆ ಅಂಥದೊಂದು ಕಾರ್ಖಾನೆಗೆ ನಾರು ಕಳಿಸುವವನು ನಾನು. ದೇಶದ ಯಾವ ಮೂಲೆಯಲ್ಲಿ ಯಾವ ಡ್ರೈವರ್ ನನ್ನ ನಾರಿನ ಮೇಲೆ ಕೂತು ಗೇರು ಹಾಕುತ್ತಿದ್ದಾನೋ ನನಗೆ ಗೊತ್ತಿಲ್ಲ. ಅವನಿಗೂ ನಾನು ಗೊತ್ತಿಲ್ಲ.

ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಒಮ್ಮೆ ರೇಗಿ, "ನೀನು ನಾರೆಳೆಯೋಕೇ ಲಾಯಕ್ಕು ಕಣೋ" ಎಂದಿದ್ದರು. ಬೇರೆ ಹುಡುಗರಾಗಿದ್ದರೆ ಅಳುತ್ತಿದ್ದರು. ನಾನು ಅದನ್ನು ಸಲಹೆ ಎಂದು ತೆಗೆದುಕೊಂಡು ಶಾಲೆ ಬಿಟ್ಟೆ. ಊರಾಚೆ ರಸ್ತೆ ಬದಿಯಲ್ಲಿರುವ ಮಿಲ್ಲು ನನ್ನ ಕೈಯಾರೆ ಕಟ್ಟಿದ್ದು. ಬೋರನಕಣಿವೆ ಕಡೆಯಿಂದ, ತುರುವೇಕೆರೆ ಕಡೆಯಿಂದ ಕಾಯಿ ಸುಲಿದ ಸಿಪ್ಪೆ ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಅದನ್ನು ನೀರಿನ ಗುಂಡಿಯಲ್ಲಿ ನೆನೆಹಾಕಿ, ಕಬ್ಬಿಣದ ಹಲ್ಲಿನ ಡ್ರಮ್ಮಿಗೆ ಕೊಟ್ಟರೆ ಒಂದು ಕಡೆ ನಾರು, ಇನ್ನೊಂದು ಕಡೆ ಪುಡಿ. ನಾರನ್ನು ಕಣದಲ್ಲಿ ಹರವಿ ಒಣಗಿಸುವವರು ಹೆಂಗಸರು. ಅವರಿಗೆಲ್ಲ ಹಿರಿಯಳು ನಂಜಕ್ಕ. ನನಗಿಂತ ದೊಡ್ಡವಳು. ಸಂಬಳ ಕೊಡುವವನು ನಾನಾದರೂ ಬೈಸಿಕೊಳ್ಳುವವನೂ ನಾನೇ. ಕರೆಂಟು ಹೋದಾಗ ಮತ್ತು ಆಯುಧಪೂಜೆಯ ದಿನ ಬಿಟ್ಟರೆ ನನ್ನ ಮಿಲ್ಲಿನ ಬೆಲ್ಟು ನಿಂತದ್ದಿಲ್ಲ ಎಂದು ನಾನು ಕಂಡಕಂಡವರಿಗೆ ಹೇಳಿಕೊಳ್ಳುತ್ತಿದ್ದೆ. ಕೇಳದವರಿಗೂ ಹೇಳುತ್ತಿದ್ದೆ.

ಕೊರೊನಾ ಕಾಯಿಲೆಯ ಕಾಲ ಮುಗಿದು, ಜನ ಮುಖದ ಬಟ್ಟೆ ತೆಗೆದು, ಇನ್ನು ಎಲ್ಲ ಸರಿಹೋಯಿತು ಅಂದುಕೊಂಡ ಹೊತ್ತಿಗೆ ಸೀಟು ಕಾರ್ಖಾನೆಯ ಶ್ರೀಧರ್ ಸಾಹೇಬರ ಫೋನು ಬಂತು. ನಾರು ಕೊಳ್ಳುವ ವ್ಯವಹಾರ ಅವರದು. ಒಳ್ಳೆಯ ಮನುಷ್ಯ, ಮಾತು ಮೆದು.

"ಯಜಮಾನ್ರೇ, ಸದ್ಯಕ್ಕೆ ಲೋಡ್ ಕಳಿಸ್ಬೇಡಿ. ಲಾರಿ ಕಂಪನಿ ಲೈನ್ ನಿಲ್ಸಿದೆ. ಅವರಿಗೆ ಸೀಟ್ ಬೇಡ, ನಮಗೆ ನಾರ್ ಬೇಡ."

"ಯಾಕ್ ಸಾರ್, ಲಾರಿ ಕೊಳ್ಳೋರಿಲ್ವಾ?"

"ಕೊಳ್ಳೋರು ಕ್ಯೂ ನಿಂತಿದಾರೆ. ಚಿಪ್ ಇಲ್ಲ. ಹೊರದೇಶದಿಂದ ಬರ್ಬೇಕು, ಬರ್ತಿಲ್ಲ."

ಎಂಜಿನ್ ಇಲ್ಲ ಅಂದಿದ್ದರೆ ಅರ್ಥವಾಗುತ್ತಿತ್ತು. ಚಕ್ರ ಇಲ್ಲ ಅಂದಿದ್ದರೂ ಸರಿ. ಈ ಚಿಪ್ಪು ಅಂದರೆ ಏನು, ಅದಿಲ್ಲದಿದ್ದರೆ ತಿಪಟೂರು ಸೀಮೆಯ ಸಿಪ್ಪೆ ಯಾಕೆ ಕೊಳೆಯಬೇಕು? ಕಷ್ಟ ಬಂದಾಗ ಮನುಷ್ಯನಿಗೆ ಚಿಂತೆ ಹತ್ತಬೇಕು. ನನಗೆ ಮೊದಲು ಕುತೂಹಲ ಹತ್ತಿತು. ತಿಪಟೂರಿಗೆ ಹೋಗಿ ಟಿವಿ ರಿಪೇರಿಯವನ ಅಂಗಡಿಯಲ್ಲಿ ಕೂತೆ. ಅವನು ಹಳೆಯ ಟಿವಿಯೊಂದರ ಹಲಗೆಯಿಂದ ಪುಟ್ಟದೊಂದನ್ನು ಕಿತ್ತು ಅಂಗೈಗೆ ಹಾಕಿದ. ಹುಣಿಸೆಬೀಜದಷ್ಟಿತ್ತು, ಕರ್ರಗೆ. ಸುತ್ತ ಜರಿಹುಳುವಿನ ಹಾಗೆ ಕಾಲು.

"ಇಷ್ಟೇನಾ?" ಎಂದೆ.

"ಇಷ್ಟೇ ಕಣಣ್ಣ. ಲಾರಿಗೆ ಎಷ್ಟ್ ಡೀಸೆಲ್ ಕುಡೀಬೇಕು, ಯಾವಾಗ ಕುಡೀಬೇಕು ಅಂತ ಹೇಳ್ಕೊಡೋದು ಇಂಥದ್ದೇ. ಇದಿಲ್ದಿದ್ರೆ ಎಂಜಿನ್ ಇದ್ರೂ ಸ್ಟಾರ್ಟೇ ಆಗಲ್ಲ."

ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದು ಕಣದ ಹೆಂಗಸರಿಗೆ ತೋರಿಸಿದೆ. ನಂಜಕ್ಕ ಉಗುರಿನಲ್ಲಿ ಕೆದಕಿ ನೋಡಿದಳು.

"ಇದಿಲ್ದಿದ್ರೆ ಲಾರಿ ಓಡಾಕಿಲ್ವಾ? ಎತ್ತಿನ್ ಗಾಡಿಗೆ ಯಾವ್ ಚಿಪ್ಪೈತಪ್ಪ?"

ಹಿಂದಿನಿಂದ ಯಾರೋ ಅಂದರು, "ಎತ್ತಿಗೆ ತಲೆ ಐತೆ ಕಣಕ್ಕ. ಲಾರಿಗೆ ಎಲ್ಲೈತೆ?"

ನಕ್ಕೆವು. ನಕ್ಕಾದ ಮೇಲೆ ಒಬ್ಬಳು ಮೆಲ್ಲಗೆ ಕೇಳಿದಳು, "ಹಂಗಾರೆ ನಾಳೆ ಬರಾದಾ, ಬ್ಯಾಡ್ವಾ?"

ನಿಜವಾದ ಪ್ರಶ್ನೆ ಅದು. ನಮ್ಮ ರಸ್ತೆಯಲ್ಲೇ ಇನ್ನೊಂದು ನಾರಿನ ಮಿಲ್ಲಿತ್ತು. ಅದೇ ವಾರ ಅದು ಬೀಗ ಹಾಕಿತು. ಅಲ್ಲಿಯ ಹೆಂಗಸರು ತಿಪಟೂರಿನ ಗಾರ್ಮೆಂಟ್ಸಿಗೆ ವ್ಯಾನು ಹತ್ತಿದರು. ಫ್ಯಾನಿನ ಕೆಳಗಿನ ಕೆಲಸಕ್ಕೆ ಹೋದವರು ಮತ್ತೆ ಬಿಸಿಲಿನ ಕಣಕ್ಕೆ ಬರುವುದಿಲ್ಲ, ಯಾಕೆ ಬರಬೇಕು? ಲಾರಿ ಲೈನು ಮತ್ತೆ ಶುರುವಾದ ದಿನ ಆ ಮಿಲ್ಲಿಗೆ ಯಂತ್ರವಿರುತ್ತದೆ, ಸಿಪ್ಪೆಯಿರುತ್ತದೆ, ಕೈ ಇರುವುದಿಲ್ಲ. ನನಗೂ ಅದೇ ಗತಿ ಬಂದರೆ ಮಿಲ್ಲು ಮುಗಿದ ಹಾಗೆ. ಬೆಲ್ಟು ನಿಲ್ಲಿಸಬಾರದು. ಆದರೆ ಮಾಡಿದ ನಾರು ಇಡುವುದೆಲ್ಲಿ? ನನ್ನ ಜಾಗವೆಲ್ಲ ಬಯಲು. ಎರಡು ಮಳೆ ಬಿದ್ದರೆ ನಾರು ಗೊಬ್ಬರವಾಗುತ್ತದೆ. ಶ್ರೀಧರ್ ಸಾಹೇಬರಿಗೆ ಫೋನು ಮಾಡಿ ನಿಮ್ಮ ಗೋಡೌನಿನಲ್ಲಾದರೂ ಇಟ್ಟುಕೊಳ್ಳಿ ಎಂದೆ.

"ನಮ್ಮಲ್ಲಿ ಗೋಡೌನೇ ಇಲ್ಲ ಯಜಮಾನ್ರೇ. ಬೆಳಿಗ್ಗೆ ನಿಮ್ಮ ಲೋಡ್ ಇಳಿದ್ರೆ ಸಂಜೆಗೆ ಸೀಟು. ಯಾರೂ ಏನೂ ಇಟ್ಕೊಳ್ಳಲ್ಲ. ಅವತ್ತಿಂದು ಅವತ್ತಿಗೆ."

ಇದು ನನಗೆ ಚಿಪ್ಪಿಗಿಂತ ದೊಡ್ಡ ಸೋಜಿಗ. ಅಷ್ಟು ದೊಡ್ಡ ಕಾರ್ಖಾನೆಗೆ ಒಂದು ಅಟ್ಟವಿಲ್ಲವೆ! ನಮ್ಮ ಸೀಮೆಯ ಬಾಳೇ ಅಟ್ಟದ್ದು. ಕಾಯಿ ಕೆಡವಿದ ದಿನವೇ ನಾವು ಮಾರುವುದಿಲ್ಲ. ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಮರೆಯುತ್ತೇವೆ. ಕೆಳಗೆ ಒಲೆ ಉರಿಯುತ್ತಿರುತ್ತದೆ, ಮೇಲೆ ಕಾಯಿಯೊಳಗಿನ ನೀರು ಇಂಗುತ್ತಿರುತ್ತದೆ. ಹೆಚ್ಚುಕಮ್ಮಿ ವರ್ಷ ತಿರುಗಿದ ಮೇಲೆ ಕಾಯಿ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗುಂಡು ಲೊಟಲೊಟ ಎನ್ನುತ್ತದೆ. ಕಾದಷ್ಟೂ ಕಾಯಿ ಕೊಬ್ಬರಿಯಾಗುವ ಊರಿನವನಿಗೆ ಅವತ್ತಿಂದು ಅವತ್ತಿಗೆ ಎನ್ನುವ ಮಾತು ಹೇಗೆ ಗಂಟಲಲ್ಲಿ ಇಳಿಯಬೇಕು? ಓದಿದವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ಒಳಗೊಳಗೇ ಬೀಗಿದೆ. ಬೀಗಿದ್ದು ನೆನಪಿರಲಿ.

ನಂಜಕ್ಕನಿಗೂ ಅದೇ ಹೊಳೆದಿತ್ತು. "ನಮ್ಮಟ್ಟ ಬರಿದಾಗೈತೆ ಕಣ್ ತಮ್ಮಯ್ಯ. ಕೊಬ್ಬರಿ ಮಾರಾಯ್ತು, ಹೊಸ ಕಾಯಿ ಬರಾಗಂಟ ಇಲಿ ಓಡಾಡ್ತಾವೆ ಅಷ್ಟೆ. ಹಾಕು ಅಲ್ಲಿಗೆ."

ಅವಳದು ಮೊದಲು. ಆಮೇಲೆ ಕಣದ ಹೆಂಗಸರೆಲ್ಲರದು. ಆಮೇಲೆ ಅವರ ನೆಂಟರದು, ನೆರೆಯವರದು. ಒಣಗಿದ ನಾರು ಹೊರೆಕಟ್ಟಿಕೊಂಡು ಸಂಜೆ ಸಂಜೆ ಊರೊಳಗೆ ಹೊರಟರೆ ಹೆಣ್ಣಿನ ಮನೆಯಿಂದ ಸಾಮಾನು ಸಾಗಿಸಿದ ಹಾಗೆ ಕಾಣುತ್ತಿತ್ತು. ಇದಕ್ಕೆ ಬಾಡಿಗೆ ಎಂಬ ಮಾತನ್ನು ಯಾರೂ ಆಡಲಿಲ್ಲ, ಆಡಿದರೆ ಬೈಯುತ್ತಿದ್ದರು. ನನ್ನ ಬೆಲ್ಟು ನಿಲ್ಲಲಿಲ್ಲ. ಊರ ಅಟ್ಟಗಳೆಲ್ಲ ನನ್ನ ಗೋಡೌನು. ಮುಚ್ಚಿದ ಮಿಲ್ಲಿನ ಮುಂದೆ ಬೇಕೆಂದೇ ನಿಧಾನಕ್ಕೆ ಬೈಕು ಓಡಿಸಿಕೊಂಡು ಹೋಗುತ್ತಿದ್ದೆ.

ಅಟ್ಟಕ್ಕೂ ಒಂದು ಲೆಕ್ಕವಿದೆ, ಅದನ್ನು ನಾನು ಮರೆತಿದ್ದೆ. ಕಾಯಿ ಕೆಡವುವ ಕಾಲ ಬಂತು. ದಾರಿಯಲ್ಲಿ ಸಿಕ್ಕವರ ಮಾತು ಬದಲಾಯಿತು. "ಅಣ್ಣೋ, ಕಾಯಿ ಅಂಗಳದಾಗೆ ಬಿದ್ದಾವೆ, ನಿನ್ ನಾರು ಯಾವಾಗಿಳಿಸ್ತೀಯಾ?" ಇವತ್ತು ನಾಳೆ ಎಂದು ಜಾರಿಕೊಳ್ಳುತ್ತಿದ್ದೆ. ದೇವರು ದೊಡ್ಡವನು, ಆಗಲೇ ಶ್ರೀಧರ್ ಸಾಹೇಬರ ಫೋನು ಬಂತು. ಚಿಪ್ಪು ಬಂದಿದೆ, ಲೈನು ಶುರು, ಎಲ್ಲೆಲ್ಲೂ ನಾರಿಲ್ಲ, ನಿಮ್ಮ ಹತ್ತಿರ ಎಷ್ಟಿದೆ?

"ಎಷ್ಟ್ ಬೇಕು ಸಾರ್?" ಎಂದೆ. ಆ ಮಾತು ಹೇಳಿದಾಗಿನ ನನ್ನ ಗತ್ತನ್ನು ನೀವು ನೋಡಬೇಕಿತ್ತು.

ಲೋಡು ಹೋಯಿತು. ಹೋದ ಲೋಡು ಇಳಿಸದೆ ಹಾಗೇ ವಾಪಸು ಬಂತು. ಅದರ ಹಿಂದೆಯೇ ಫೋನು.

"ಯಜಮಾನ್ರೇ, ಬೇಜಾರ್ ಮಾಡ್ಕೋಬೇಡಿ. ನಾರು ಚೆನ್ನಾಗಿದೆ. ಆದ್ರೆ ನೋಡೋಕೆ ಅಂತ ಒಂದು ಕಟ್ಟು ಬಿಚ್ಚಿದ್ರೆ, ಇಲ್ಲೆಲ್ಲ ಯಾರೋ ಒಗ್ಗರಣೆ ಹಾಕ್ದಂಗಿದೆ."

ಅಟ್ಟದ ಕೆಳಗೆ ಒಲೆಯಿರುತ್ತದೆ ಎಂದೆನಲ್ಲ. ಕೊಬ್ಬರಿಗೆ ಆ ಹೊಗೆ ಒಳ್ಳೆಯದು. ನಾರು ಅದನ್ನು ಅಷ್ಟೂ ದಿನ ಕುಡಿದು ಕೂತಿತ್ತು: ಹೊಗೆ, ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ, ಹುರುಳಿ ಸಾರು.

"ನಮ್ಮ ಅಡುಗೆಮನೆ ವಾಸನೆಗೆ ಏನಾಗೈತೆ ಸಾರ್?" ಎಂದೆ, ರೇಗಿ.

"ಏನೂ ಆಗಿಲ್ಲ, ನನಗೇ ಹಸಿವಾಯ್ತು. ಆದ್ರೆ ರಬ್ಬರ್ ಹಾಕಿ ಬಿಸಿಗಿಟ್ರೆ ವಾಸನೆ ಒಳಗೇ ಕೂತ್ಬಿಡುತ್ತೆ. ಹೊಸ ಲಾರಿ ಕೊಂಡವನಿಗೆ ಹೊಸ ಲಾರಿ ವಾಸನೆ ಬೇಕು ಯಜಮಾನ್ರೇ. ಗೋಡೌನ್ ಇಟ್ರೆ ನಮಗೂ ಇಂಥವೇ ತಾಪತ್ರಯ, ಅದಕ್ಕೇ ಇಡಲ್ಲ. ಈ ವಾರದೊಳಗೆ ಸರಿ ಮಾಡಿ ಕಳಿಸಿ. ಇಲ್ಲಾಂದ್ರೆ ನಾನು ಬೇರೆ ಕಡೆ ನೋಡ್ಲೇಬೇಕು."

ಕಾದದ್ದೆಲ್ಲ ಕೊಬ್ಬರಿಯಾಗುತ್ತದೆ ಎಂದು ನಾರನ್ನು ಅಟ್ಟ ಹತ್ತಿಸಿದವನು ನಾನು. ನಾರು ಕೊಬ್ಬರಿಯಾಗಲಿಲ್ಲ, ಹುರುಳಿ ಸಾರಾಯಿತು. ಕಣದ ಮಧ್ಯೆ ಲೋಡು ಇಳಿಸಿಕೊಂಡು ನಾನು ಅದರ ಪಕ್ಕ ಕೂತೆ. ನಂಜಕ್ಕ ಬಂದಳು, ಒಂದು ಹಿಡಿ ನಾರು ಎತ್ತಿ ಮೂಸಿದಳು. "ಇದು ನಮ್ಮನೇದಲ್ಲ. ನಾನು ಇಷ್ಟ್ ಬೆಳ್ಳುಳ್ಳಿ ಹಾಕಾಕಿಲ್ಲ" ಎಂದಳು. ಅಷ್ಟು ಸಂಕಟದಲ್ಲೂ ಎಲ್ಲರೂ ಬಂದು ಒಂದೊಂದು ಹಿಡಿ ಮೂಸಿ ಇದು ಯಾರ ಮನೆಯದು, ಅದು ಯಾರ ಮನೆಯದು ಎಂದು ಜಗಳಕ್ಕೆ ನಿಂತರು.

"ಬಿಸಿಲಿಗೆ ಹರವಾನ" ಎಂದೆ. ಹರವಿದೆವು. ಸಂಜೆಗೆ ಬಿಸಿಯಾದ ಹುರುಳಿ ಸಾರಿನ ವಾಸನೆ ಬಂತು.

"ಅಲ್ಲ ತಮ್ಮಯ್ಯ, ಸಿಪ್ಪೆನೂ ಅಟ್ಟದಿಂದ ಇಳಿದಿದ್ದೇ ಅಲ್ವಾ? ಅದೂ ಹೊಗೆ ಕುಡಿದಿರಾದೇ. ಅದ್ರ ವಾಸ್ನೆ ಯಾಕ್ ನಾರಿಗೆ ಬರಾಕಿಲ್ಲ?" ನಂಜಕ್ಕ ಕೇಳಿದ್ದು ನನ್ನನ್ನೋ, ತನ್ನನ್ನೇ ಕೇಳಿಕೊಂಡದ್ದೋ. ಅವಳು ಮಾತು ಮುಗಿಸುವ ಮೊದಲೇ ನಾನು ನೀರಿನ ಗುಂಡಿಯ ಕಡೆ ನೋಡಿದೆ. ಅವಳೂ ಅತ್ತಲೇ ನೋಡುತ್ತಿದ್ದಳು.

ಒಮ್ಮೆ ಒಣಗಿಸಿದ ನಾರನ್ನು ಮತ್ತೆ ನೀರಿಗೆ ಹಾಕುವುದು, ಮಾಡಿದ ರೊಟ್ಟಿಯನ್ನು ಮತ್ತೆ ಹಿಟ್ಟು ಮಾಡಿದ ಹಾಗೆ. ಮರ್ಯಾದೆಯ ಮಿಲ್ಲಿನವನು ಮಾಡುವ ಕೆಲಸವಲ್ಲ. ಮಾಡಿದೆವು. ನೆನೆಸಿ, ಜಾಲಿಸಿ, ಹಿಂಡಿ, ಹರವಿ, ಮಗುಚಿ. ಅಟ್ಟ ಕೊಟ್ಟ ಮನೆಗಳ ಗಂಡಸರೂ ತಮ್ಮ ಅಟ್ಟ ಬರಿದಾಗಲಿ ಎನ್ನುವ ಆಸೆಗೆ ಬಂದು ಕೈಹಾಕಿದರು. ಮೋಡ ಬಂದು ಎರಡು ಸಲ ಹೆದರಿಸಿ ಹೋಯಿತು. ಕಟ್ಟು ಕಟ್ಟುವ ಮೊದಲು ನಂಜಕ್ಕ ಒಂದೊಂದು ರಾಶಿಗೂ ಮೂಗಿಟ್ಟು, "ಇದು ಸಪ್ಪೆ, ಕಟ್ಟು" ಎನ್ನುತ್ತಿದ್ದಳು. ವಾರದೊಳಗೆ ಲೋಡು ಹೋಯಿತು. ಈ ಸಲ ಲಾರಿ ಖಾಲಿ ಬಂತು.

"ಪಾಸಾಯ್ತು ಯಜಮಾನ್ರೇ" ಎಂದರು ಶ್ರೀಧರ್ ಸಾಹೇಬರು. "ಒಂದ್ ಮಾತು. ಇನ್ಮೇಲೆ ನಿಮ್ಮತ್ರ ಯಾವಾಗ್ಲೂ ಒಂದು ಲೋಡು ಇಟ್ಟಿರಿ, ಖರ್ಚು ನಾವು ನೋಡ್ಕೋತೀವಿ. ಆದ್ರೆ ದಯವಿಟ್ಟು ಒಲೆ ಮೇಲೆ ಬೇಡ."

ಈಗ ಮಿಲ್ಲಿನ ಪಕ್ಕ ತಗಡಿನ ಶೆಡ್ಡಿದೆ. ಸುತ್ತಮುತ್ತ ಒಲೆಯಿಲ್ಲ. ಅದನ್ನು ಎಲ್ಲರೂ ಅಟ್ಟ ಎಂದೇ ಕರೆಯುತ್ತಾರೆ, ನೆಲದ ಮೇಲಿದ್ದರೂ.

ಬಸ್ಸು ಚಿಕ್ಕನಾಯಕನಹಳ್ಳಿ ದಾಟಿತ್ತು. ಎಳೆ ಇನ್ನೂ ನನ್ನ ಬೆರಳಲ್ಲಿತ್ತು. ಮತ್ತೊಮ್ಮೆ ಮೂಸಿದೆ. ರಬ್ಬರು, ಧೂಳು, ಬೆವರು. ಅದರ ಅಡಿಯಲ್ಲಿ ಒಂಚೂರು ಹೊಗೆ ಇದೆಯೋ, ಇರಲೆಂದು ನನ್ನ ಮೂಗೇ ಬಯಸುತ್ತಿದೆಯೋ. ಮೊದಲಾಗಿದ್ದರೆ ನಂದೇ ಎಂದು ಬಸ್ಸಿಗೆಲ್ಲ ಸಾರುತ್ತಿದ್ದೆ. ಈಗ ಬೇರೆ ಯೋಚನೆ ಬಂತು. ಆ ಹುಣಿಸೆಬೀಜದಂಥದ್ದನ್ನು ಮಾಡುವ ಊರಲ್ಲೂ ಆ ದಿನಗಳಲ್ಲಿ ಯಾರದೋ ಬೆಲ್ಟು ನಿಂತಿರಬೇಕು. ನಾಳೆ ಬರಾದಾ ಬ್ಯಾಡ್ವಾ ಎಂದು ಅಲ್ಲೂ ಯಾರೋ ಕೇಳಿರಬೇಕು. ಅವರಿಗೆ ಅಟ್ಟ ಕೊಟ್ಟವರು ಯಾರು?

ಹುಳಿಯಾರಿನಲ್ಲಿ ಬಸ್ಸು ನಿಂತು ಜನ ಇಳಿದರು. ನಾನು ಇಳಿಯಲಿಲ್ಲ. ಕೊಬ್ಬರಿ ಚೀಲ ಹೊಲಿಯಲೆಂದು ತಿಪಟೂರಿನಲ್ಲಿ ಕೊಂಡಿದ್ದ ದಬ್ಬಳ ನನ್ನ ಕೈಚೀಲದಲ್ಲಿತ್ತು. ಆ ಕೈಚೀಲದ ಬಾಯಿಗೆ ಕಟ್ಟಿದ್ದು ನಾರಿನ ಹುರಿ. ಹೊರಬಂದ ನಾರನ್ನೆಲ್ಲ ಒಳಕ್ಕೆ ತುರುಕಿ, ಹುರಿಯನ್ನು ದಬ್ಬಳಕ್ಕೆ ಪೋಣಿಸಿ ಹರಿದ ಬಾಯಿ ಹೊಲಿಯತೊಡಗಿದೆ. ಕಂಡಕ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದ. ಈ ಸಲ ತಮಾಷೆ ಮಾಡಲಿಲ್ಲ. ನಾನು ಕೊನೆಯ ಗಂಟು ಹಾಕಿ ಹುರಿ ಕಚ್ಚಿ ಕತ್ತರಿಸಿದ ಮೇಲೆ ಅವನು ಹಿಂದಕ್ಕೆ ಕೈ ತೋರಿಸಿದ.

"ಯಜಮಾನ್ರೇ, ಬಸ್ ಹೊರಡಾಕೆ ಇನ್ನೂ ಹೊತ್ತೈತೆ. ಹಿಂದ್ಗಡೆ ಸೀಟೂ ಒಂದು ಹರಿದೈತೆ."

ಉಳಿದ ಹುರಿಯನ್ನು ಅಳೆದು ನೋಡಿದೆ. ಸಾಕಾಗುತ್ತಿತ್ತು. ಎದ್ದು ಹಿಂದಕ್ಕೆ ಹೋದೆ.