ಹೆಚ್ಚಿಗೆ ಉಳಿದ ದಾರ

ಹೆಣದ ಕುಣಿ ತೋಡುವವನ ಮಗಳು ಬಿ.ಎಡ್. ಮುಗಿಸುವುದು ಆಗೂ ಮಾತಲ್ಲ ಅಂದವರು ನಮ್ಮ ದೊಡ್ಡಪ್ಪ. ತಾಜಸುಲ್ತಾನಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ನಮ್ಮದೇ ಚಹಾ ಕುಡಿಯುತ್ತ ಅಂದರು: "ಬಿ.ಎಸ್ಸಿ. ಹ್ಯಾಂಗೋ ದಾಟ್ಯಾಳ, ಇರ್ಲಿ. ಪಾಠ ಹೇಳ್ಬೇಕಂದ್ರ ಮಂದಿ ಮಕ್ಕಳ ಮುಂದ ನಿಂದರಬೇಕು. ಈಕಿನ್ನ ನೋಡಿದ್ರ ಹೆದರಿ ಓಡ್ತಾವ." ಅಪ್ಪ ನಕ್ಕ. ನನಗೆ ನಗು ಬರಲಿಲ್ಲ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದ ಮೊದಲನೆಯಾಕೆ ನಾನು.

ಊರಲ್ಲಿ ಯಾರಾದರೂ ತೀರಿದರೆ ಆ ಮನೆಯವರು ಹೆಣದ ಉದ್ದಕ್ಕೆ ಒಂದು ಬಿಳಿ ದಾರ ಹರಿದು ತಂದು ಅಪ್ಪನ ಕೈಗೆ ಕೊಡುತ್ತಿದ್ದರು. ಅದರ ಅಳತೆಗೆ ಅಪ್ಪ ಕುಣಿ ತೋಡುತ್ತಿದ್ದ. ಕೆಲಸ ಮುಗಿದ ಮೇಲೆ ದಾರವೂ ಮಣ್ಣಿಗೆ. ಯಾರಲ್ಲಾದರೂ ದಾರ ಇಲ್ಲದಿದ್ದರೆ ಬೇಕಾಗುತ್ತದೆಂದು ನಮ್ಮ ಮನೆಯ ಗೂಡಿನಲ್ಲಿ ಒಂದು ಉಂಡೆ ಸದಾ ಇರುತ್ತಿತ್ತು. ಅದೇ ಉಂಡೆಯ ದಾರದಿಂದ ಅವ್ವ ನನ್ನ ನೋಟಬುಕ್ಕು ಹೊಲಿದುಕೊಡುತ್ತಿದ್ದಳು. ಹಾಗಾಗಿ ಬೇರೆಯವರಿಗೆ ಆ ದಾರ ಅಂದರೆ ಏನೆಂಬುದು ನನಗೆ ಗೊತ್ತಿದ್ದೂ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಮಾತು. ಕಲಬುರಗಿಯ ಕಾಲೇಜಿನವರು ಪಾಠ ಹೇಳುವ ಪರೀಕ್ಷೆಗೆ ನನ್ನನ್ನು ಕಮಲಾಪುರದ ಒಂದು ಶಾಲೆಗೆ ಹಾಕಿದರು. ಐದನೇ ಇಯತ್ತೆ, ವಿಷಯ ಅಳತೆ. ಇದರಲ್ಲಿ ಬಿದ್ದರೆ ಇಡೀ ವರ್ಷ ಬಿದ್ದಂತೆ. ಇನ್ನೊಂದು ವರ್ಷ ಓದಿಸುವ ತಾಕತ್ತು ಅಪ್ಪನಲ್ಲಿ ಇರಲಿಲ್ಲ. ಜೊತೆಯವರು ಬಣ್ಣದ ಚಾರ್ಟು ಬರೆಸಿದರು. ನಾನು ಗೂಡಿನ ಉಂಡೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ನನ್ನ ಆಟ ಹೀಗಿತ್ತು. ಇಬ್ಬಿಬ್ಬರು ಜೋಡಿಯಾಗಿ, ಒಬ್ಬರು ಮಲಗಬೇಕು, ಇನ್ನೊಬ್ಬರು ನೆತ್ತಿಯಿಂದ ಹಿಮ್ಮಡದವರೆಗೆ ದಾರ ಹಿಡಿದು ಕತ್ತರಿಸಬೇಕು. ಎಲ್ಲ ದಾರಗಳನ್ನೂ ಗೋಡೆಗೆ ಕಟ್ಟಿದ ಹಗ್ಗಕ್ಕೆ ಹೆಸರಿಲ್ಲದೆ ಜೋತುಬಿಟ್ಟು, ಗೇಣು ಹಾಕಿ ನೋಡಿ ತಮ್ಮ ತಮ್ಮ ದಾರ ಹುಡುಕಬೇಕು. ನಿಂತರೆ ಹುಡುಗರು ಹಿಮ್ಮಡ ಎತ್ತಿ ಮೋಸ ಮಾಡುತ್ತಾರೆ, ಮಲಗಿಸುವುದೇ ಚಲೋ ಅಂತ ಜಾಣತನ ಮಾಡಿದ್ದೂ ನಾನೇ.

ಮೊದಲು ಗದ್ದಲವೋ ಗದ್ದಲ. "ಏ, ಕಾಲು ಮಡಚಬ್ಯಾಡಲೇ, ಗಿಡ್ಡ ಆಗ್ತಿ!" "ನಿಮ್ಮಪ್ಪನಷ್ಟs ಗಿಡ್ಡ!" ಆಮೇಲೆ ಒಂದೊಂದೇ ದನಿ ಇಳಿಯಿತು. ನಗುತ್ತ ಮಲಗಿದ ಮಕ್ಕಳು ದಾರ ನೆತ್ತಿಗೆ ತಾಗಿದ ಕೂಡಲೇ ಕಣ್ಣು ಮುಚ್ಚುತ್ತಿದ್ದರು. ಮುಚ್ಚಿರಿ ಅಂತ ನಾನು ಹೇಳಿರಲಿಲ್ಲ.

ನೀರು ತಂದ ಶಾಲೆಯ ಆಯಾ ಬಾಗಿಲಲ್ಲೇ ನಿಂತಳು. "ಯವ್ವಾ, ಇದೇನ್ ಮಾಡ್ಲಾಕತ್ತೀರಿ? ಜೀವ ಇದ್ದ ಮಕ್ಕಳಿಗಿ ದಾರ ಹಿಡೀತಾರೇನ್ರಿ?" ಒಳಗೆ ಕಾಲಿಡದೆ ಕೊಡ ಹೊರಗೇ ಇಟ್ಟು ಹೋದಳು. ಹಿಂದಿನ ಬೆಂಚಿನಲ್ಲಿ ಪರೀಕ್ಷಕರ ಪೆನ್ನು ನಿಂತಿತು.

ಇಪ್ಪತ್ತೆಂಟು ಮಕ್ಕಳು. ಇಪ್ಪತ್ತೆಂಟು ಜನರೂ ತಮ್ಮ ತಮ್ಮ ದಾರ ಹುಡುಕಿಕೊಂಡರು. ಹಗ್ಗದ ಮೇಲೆ ಇನ್ನೂ ಒಂದು ಉಳಿದಿತ್ತು. ಗಾಳಿ ಇರಲಿಲ್ಲ. ಆದರೂ ಅದರ ತುದಿ ಮೆಲ್ಲಗೆ ಅಲುಗುತ್ತಿತ್ತು.

"ಯಾರದಿದು?"

ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಎದ್ದಳು. "ಆಕಿದ್ರೀ, ಟೀಚರ್. ನನ್ನ ಬಾಜೂಕ ಕೂಡ್ತಿದ್ದಳ್ರೀ. ಹ್ವಾದ ವರ್ಷ ಜ್ವರ ಬಂದು ಸತ್ತಳು."

"ನೀನs ಕತ್ತರಿಸಿದೇನು?"

"ಇಲ್ರೀ. ನಾ ನನ್ನ ಜೋಡಿದಷ್ಟs."

"ಮತ್ತ ಆಕಿದು ಅಂತ ಹ್ಯಾಂಗ ಹೇಳ್ತಿ?"

"ಬಾಗಲಕ್ಕ ಹಿಡದು ನೋಡ್ರಿ."

ಬಾಗಿಲ ಚೌಕಟ್ಟಿನ ಮೇಲೆ ಇದ್ದಿಲಿನ ಒಂದು ಗೆರೆ ಇತ್ತು. ಗೆಳತಿಯರಿಬ್ಬರೂ ಹಿಂದಿನ ವರ್ಷ ಆಕೆಯ ಎತ್ತರಕ್ಕೆ ಎಳೆದಿದ್ದರಂತೆ. ದಾರದ ತುದಿಯನ್ನು ಗೆರೆಗೆ ಹಿಡಿದೆ. ಇನ್ನೊಂದು ತುದಿ ನೆಲಕ್ಕೆ ಸರಿಯಾಗಿ ಮುಟ್ಟಿತು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನಮಗ ನಮ್ಮ ದಾರ ಬ್ಯಾಡ್ರಿ ಟೀಚರ್" ಅಂತ ಒಬ್ಬ ಕೆಳಗೆ ಬಿಟ್ಟ. ಉಳಿದವರೂ ಬಿಟ್ಟರು. ಇಬ್ಬರು ಅಳತೊಡಗಿದರು. ಮಕ್ಕಳೆಲ್ಲ ಬಾಗಿಲ ಕಡೆ ಸರಿಯುವುದನ್ನು ನೋಡಿ, ದೊಡ್ಡಪ್ಪ ಅಂದದ್ದು ಈಗ ಖರೆ ಆಗುತ್ತಿದೆ ಅನ್ನಿಸಿತು.

ಏನೂ ತೋಚದೆ ನಾನೇ ನೆಲದ ಮೇಲೆ ಮಲಗಿದೆ. ಸೀರೆಗೆಲ್ಲ ಕೆಂಪು ಧೂಳು. "ಬಾ, ನನ್ನ ಅಳತಿ ತಗೋ" ಅಂದೆ ಆ ಹುಡುಗಿಗೆ. ಅವಳ ಬೆರಳು ಹಣೆಗೆ ತಾಗಿದಾಗ ತಣ್ಣಗಿತ್ತು. ಕಣ್ಣು ತಾವಾಗಿಯೇ ಮುಚ್ಚಿಕೊಳ್ಳಲು ಹವಣಿಸಿದವು. ನಾನು ಹಟ ಹಿಡಿದು ತೆರೆದೇ ಇಟ್ಟೆ. ಕತ್ತರಿ ಆಡಿದ ಸದ್ದು ಕೇಳಿತು. ಎದ್ದು ಕೂತೆ.

"ನೋಡ್ರಿ, ಎದ್ದೆ."

ಯಾರೋ ಒಬ್ಬ ಕಿಸಕ್ಕನೆ ನಕ್ಕ. ಅಷ್ಟು ಸಾಕಾಯಿತು. ಮೀಟರ್ ಕೋಲಿಗೆ ನನ್ನ ದಾರ ಹಿಡಿದು ಬೋರ್ಡಿನ ಮೇಲೆ ಒಂದು ಮೀಟರ್ ಐವತ್ತೆರಡು ಸೆಂಟಿಮೀಟರ್ ಅಂತ ಬರೆದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ತಮ್ಮದನ್ನು ಬರೆದರು. ಕಡೆಗೆ ಉಳಿದ ದಾರವನ್ನೂ ಹಿಡಿದೆ. ಒಂದು ಮೀಟರ್ ಇಪ್ಪತ್ತನಾಲ್ಕು. ಹೆಸರು ಬರೆಯಲಿಲ್ಲ. ಎರಡು ಜಡೆಯ ಹುಡುಗಿ ಬೋರ್ಡು ನೋಡಿ, ಬೆರಳು ಮಡಚಿ ಲೆಕ್ಕ ಹಾಕಿ ಅಂದಳು: "ನಾ ಆಕಿಗಿಂತ ಎಂಟು ಸೆಂಟಿಮೀಟರ್ ಉದ್ದ ಆಗೀನ್ರೀ. ಆವಾಗ ಇಬ್ರೂ ಸಮ ಇದ್ವಿ."

ಆ ದಾರ ಕತ್ತರಿಸಿದವರು ಯಾರು ಅಂತ ಎಲ್ಲರನ್ನೂ ಕೇಳಿದೆ. ಯಾರೂ ಒಪ್ಪಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ. ಪರೀಕ್ಷಕರು ಪುಸ್ತಕ ಮುಚ್ಚಿ, "ಮುಂದಿನ ಸಲ ಟೇಪ್ ತರ್ರಿ" ಅಂತಷ್ಟೇ ಅಂದು ಹೊರಗೆ ಹೋದರು. ಪಾಸೋ ಫೇಲೋ ತಿಳಿಯಲಿಲ್ಲ.

ಹೆಚ್ಚಿಗೆ ಉಳಿದ ಆ ದಾರವನ್ನು ಮನೆಗೆ ತಂದೆ. ಅಪ್ಪ ನನ್ನ ಮಾತೆಲ್ಲ ಕೇಳಿ, ಉದ್ದ ನೋಡಿ, ಹೊಲದ ಬದುವಿಗೆ ಒಯ್ದು ಮಣ್ಣು ಮಾಡಿ ಬಂದ.

ಕೆಲವು ತಿಂಗಳ ಮೇಲೆ ಕಾಲೇಜಿನ ಆಫೀಸಿನ ಕಿಟಕಿಯಿಂದ ಗುಮಾಸ್ತ ಪಾಸಾದ ಸರ್ಟಿಫಿಕೇಟು ಕೊಟ್ಟ. ನಾನು ಅದನ್ನು ಅಪ್ಪನ ಕೈಗಿಟ್ಟೆ. ಉಗುರಿನ ಮಣ್ಣು ತಾಗೀತೆಂದು ಅವನು ಎರಡೂ ಅಂಗೈ ಮೇಲೆ ಅದನ್ನು ಇಟ್ಟುಕೊಂಡು ಬಹಳ ಹೊತ್ತು ನೋಡಿದ.

"ನಾ ತಗೊಳ್ಳೂ ಅಳತಿ ಒಮ್ಮೆ ತಗೊಂಡ್ರ ಮುಗೀತವ್ವ" ಅಂದ. "ನಿನ್ನ ಮಕ್ಕಳು ಬೆಳೀತಾವ. ವರ್ಷಾ ವರ್ಷಾ ಮತ್ತ ತಗೋಬೇಕಾಗ್ತದ. ಬ್ಯಾಸರ ಮಾಡ್ಕೋಬ್ಯಾಡ."