ಏಕಾದಶಿಯ ದಿನ ಜರ್ಮನ್ ಬಿಯರ್

ಗೆಳೆಯರೇ, ಇವತ್ತು ಮಧ್ಯಾಹ್ನ ರಾಣೆಬೆನ್ನೂರಿನ ಹೊಸ ಬ್ರೂಪಬ್ಬಿನಲ್ಲಿ ನಾನು ಅರ್ಧ ಗ್ಲಾಸು ಜರ್ಮನ್ ಬಿಯರ್ ಮುಗಿಸಿದ್ದೆ. ರುಚಿ ಹುಳಿ ಬಂದ ಅಂಬಲಿಯದು. ಜೊತೆಗಿದ್ದ ನೆಗೆಣ್ಣಿ, ನನ್ನ ಮೈದುನನ ಹೆಂಡತಿ ಗಿರಿಜಾ, ಇನ್ನೂ ಮೂಸುತ್ತಿದ್ದಳು.

"ಇದರಾಗ ಏನೇನ್ ಹಾಕೀರಿ?" ಎಂದು ವೇಟರನ್ನು ಕೇಳಿದಳು.

"ಬಾರ್ಲಿ, ಗೋಧಿ, ಓಟ್ಸ್, ರೈ. ನಾಕು ಧಾನ್ಯ ಅದಾವ್ರಿ," ಎಂದ ಅವನು ಹೆಮ್ಮೆಯಿಂದ.

ಗಿರಿಜಾ ಗ್ಲಾಸು ದೂರ ಸರಿಸಿದಳು. "ಅಕ್ಕಾ, ಇವತ್ತ ಏಕಾದಶಿ. ನಮ್ಮಿಬ್ಬರದೂ ಉಪವಾಸ ಐತಿ. ಧಾನ್ಯ ಮುಟ್ಟಂಗಿಲ್ಲ."

ಇದು ಊಟವಲ್ಲ, ಪಾನೀಯ ಎಂದು ವಾದಿಸಿದೆ. ನನಗೇ ನಂಬಿಕೆ ಬರಲಿಲ್ಲ. ಕೊನೆಗೆ, ಅತ್ತೆಯವರಿಗೆ ಹೇಳಬೇಡ ಎಂದು ಬೇಡಿಕೊಂಡೆ.

ಅವಳು ದ್ರಾಕ್ಷಿ ವೈನ್ ತರಿಸಿಕೊಂಡಳು. ಹಣ್ಣು ನಡೆಯುತ್ತದಂತೆ.

"ಕುಡದದ್ದು ಹೇಳಂಗಿಲ್ಲ ಬಿಡಕ್ಕಾ. ಉಂಡದ್ದು ಹೇಳತೇನಿ."

ನಲವತ್ತೈದನೇ ವಯಸ್ಸಿನಲ್ಲಿ ಮೊದಲ ಸಲ ಬಿಯರ್ ಕುಡಿದೆ. ಸಿಕ್ಕಿಬಿದ್ದದ್ದು ಗೋಧಿ ತಿಂದದ್ದಕ್ಕೆ.