ಹುಳದ ಪಾಲಿನ ಕರಿಬೇವು

ನಮ್ಮ ಹಿತ್ತಿಲಿನಲ್ಲಿ ಎರಡು ಕರಿಬೇವಿನ ಗಿಡಗಳಿವೆ. ಅಡುಗೆಮನೆ ಬಾಗಿಲಿನದು ನಮಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ್ದು ಹುಳಕ್ಕೆ. ಹಾಗೆ ಪಾಲು ಮಾಡಿದವರು ನಮ್ಮತ್ತೆ. ಮದುವೆಯಾಗಿ ಹೊಸದುರ್ಗಕ್ಕೆ ಬಂದ ಹೊಸತರಲ್ಲಿ ನಾನು ಆ ಹುಳಗಳನ್ನು ಕಡ್ಡಿಯಲ್ಲಿ ಎತ್ತಿ ಗೋಡೆಯಾಚೆ ಎಸೆಯುತ್ತಿದ್ದೆ. ಒಂದು ದಿನ ಅತ್ತೆ ನೋಡಿದರು.

"ಒಗಿಬ್ಯಾಡ ಕಣಮ್ಮ. ನಿನ್ನ ಒಗ್ಗರಣೆಗೆ ಆ ಗಿಡ ಐತಲ್ಲ, ಇದು ಅವಕ್ಕಿರ್ಲಿ."

ಆ ಹುಳಗಳೇ ಚಿಟ್ಟೆಯಾಗುತ್ತವೆಂದು ಹೇಳಿ, ಅವುಗಳನ್ನು ಗುರುತಿಸುವುದನ್ನು ಕಲಿಸಿದ್ದೂ ಅವರೇ. ಎಳೆ ಹುಳ ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಬೆಳೆದರೆ ಎಲೆಯದೇ ಹಸಿರು. ಆಮೇಲೆ ಕಡ್ಡಿಗೆ ನೂಲಿನಂಥ ಒಂದು ಎಳೆ ಸುತ್ತಿಕೊಂಡು ಗೂಡಾಗುತ್ತದೆ. ಅತ್ತೆ ಅಕ್ಕಿ ತೊಳೆದ ನೀರು ಚೆಲ್ಲಿ ಗಿಡದ ಬುಡ ಹಸಿಯಾಗಿಡುತ್ತಿದ್ದರು. ಬಿಸಿಲೇರಿದ ಮೇಲೆ ಚಿಟ್ಟೆಗಳು ಆ ಮಣ್ಣಿನ ಮೇಲೆ ಬಂದು ಕೂರುತ್ತಿದ್ದವು.

ಈ ಸಲ ಶಿವರಾತ್ರಿಗೆ ಮುಂಚೆ ಅತ್ತೆ ತೀರಿಕೊಂಡರು. ತಿಥಿಯ ದಿನ ಅಡುಗೆಯವರು ಕರಿಬೇವು ಎಲ್ಲಿದೆ ಎಂದು ಕೇಳಿದರು. ಹಿತ್ತಿಲ ಕಡೆ ಕೈ ತೋರಿಸಿದೆ. ಯಾವ ಗಿಡ ಎಂದು ಹೇಳಲಿಲ್ಲ. ಹೇಳಬೇಕು ಅನ್ನಿಸಲೂ ಇಲ್ಲ. ಸಂಜೆ ನೋಡಿದರೆ ಎರಡೂ ಬೋಳಾಗಿದ್ದವು. ಒಲೆಯ ಬಳಿ ಬಿದ್ದ ಕಡ್ಡಿಗಳಲ್ಲಿ ಮೂರು ಗೂಡುಗಳಿದ್ದವು, ಒಂದು ಜಜ್ಜಿಹೋಗಿತ್ತು. ಉಳಿದೆರಡನ್ನು ಕಡ್ಡಿ ಸಮೇತ ದಾರದಿಂದ ಗಿಡಕ್ಕೆ ಕಟ್ಟಿದೆ. ಕೆಲವು ದಿನಗಳಲ್ಲಿ ಅವೂ ಕಪ್ಪಾಗಿ ಒಣಗಿದವು. ಅಳು ಬರಲಿಲ್ಲ. ಅತ್ತೆ ಹೋದಾಗಲೂ ಬಂದಿರಲಿಲ್ಲ. ಅವರು ಬಿಟ್ಟುಹೋದದ್ದರಲ್ಲಿ ಇದೊಂದನ್ನು ನಾನೇ ಕೆಡಿಸಿದೆ ಎಂಬುದು ಮಾತ್ರ ಗೊತ್ತಿತ್ತು.

ದಿನಾ ಅಕ್ಕಿ ತೊಳೆದ ನೀರನ್ನು ಅಲ್ಲಿಗೇ ಚೆಲ್ಲುತ್ತಾ ಬಂದೆ. ಬೇರೇನೂ ತೋಚುತ್ತಿರಲಿಲ್ಲ. ಗಿಡ ಒಣಗಿದ್ದರೆ ಕಿತ್ತು ಬೇರೆ ನೆಡೋಣ ಎಂದು ನನ್ನ ಗಂಡ ಹೇಳಿದರು. ಇರಲಿ ಎಂದೆ.

ಯುಗಾದಿ ಹತ್ತಿರ ಬಂದಾಗ ಹುಳದ ಗಿಡ ಚಿಗುರಿತು. ಒಂದು ಬೆಳಿಗ್ಗೆ ಕೆಂಪು ಚುಕ್ಕೆಯ ಕಪ್ಪು ಚಿಟ್ಟೆಯೊಂದು ಬಂದು, ರೆಕ್ಕೆ ಬಡಿಯುತ್ತಲೇ ಚಿಗುರನ್ನು ಮುಟ್ಟಿ ಮುಟ್ಟಿ ನೋಡಿ, ಹೊಟ್ಟೆಯ ತುದಿ ಬಾಗಿಸಿ ಹಾರಿಹೋಯಿತು. ಬಗ್ಗಿ ನೋಡಿದೆ. ರಾಗಿ ಕಾಳಿಗಿಂತ ಸಣ್ಣದು, ಹಳದಿ ಮೊಟ್ಟೆ. ಖುಷಿಯಾಗಬೇಕಿತ್ತು. ಅಕ್ಕಿ ತೊಳೆದ ನೀರು ತಂದು ಬುಡಕ್ಕೆ ಚೆಲ್ಲಿದೆ.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು. "ಎರಡೆಸಳು ಕರಿಬೇವು ಕೊಡಕ್ಕ. ಚಿಗುರು ಬಂದೈತಲ್ಲ."

"ಇದು ಹುಳದ್ದು. ನಮ್ದಿನ್ನೂ ಚಿಗುರಿಲ್ಲ."

"ನಿಮ್ಮತ್ತೆ ಹೋದ್ರೂ ಹುಳದ ಪಾಲು ಹೋಗ್ಲಿಲ್ಲ ಬಿಡು," ಎಂದು ನಕ್ಕಳು.

ಒಳಗೆ ಹೋಗಿ, ಕರಿಬೇವಿಲ್ಲದೆ ಸಾರಿಗೆ ಒಗ್ಗರಣೆ ಹಾಕಿದೆ.